ಹಳ್ಳಿ ಬಂದರೆ ಅರ್ಧ ವೇಗ

28 ಮಿಲಿಮೀಟರ್ ಎತ್ತರದ ಸೈನಿಕನ ತಲೆ ಒಂದು ಜೋಳದ ಕಾಳಿನಷ್ಟಿರುತ್ತದೆ. ಅದರಲ್ಲಿ ಎರಡು ಕಣ್ಣು ಮೂಡಬೇಕು. ಮೊದಲು ಬಿಳಿಯ ಗೀಟು, ಅದರ ಮೇಲೆ ಕಪ್ಪು ಚುಕ್ಕೆ. ಕುಂಚ ಕೂದಲೆಳೆಯಷ್ಟು ಸರಿದರೂ ಸಾಕು, ಯೋಧ ದೆವ್ವ ಕಂಡವನ ಹಾಗೆ ಬೆಚ್ಚಿ ನಿಂತಿರುತ್ತಾನೆ. ಉಸಿರು ಬಿಗಿಹಿಡಿದು ಮತ್ತೆ ಬಿಳಿ ಬಳಿಯಬೇಕು. ಇಂಥವರು ಮೂವತ್ತೋ ನಲವತ್ತೋ ಮಂದಿ ಸಾಲಾಗಿ ನಿಂತರೆ ಒಂದು ದಳ. ಆಮೇಲೆ ಮೇಜಿನ ಮೇಲೆ ಅಳತೆ ಪಟ್ಟಿ, ದಾಳ, ನಿಯಮದ ಪುಸ್ತಕ ಇಟ್ಟುಕೊಂಡು ಇಬ್ಬರು ಕುಳಿತರೆ ಯುದ್ಧ. ವಾರ್‌ಗೇಮ್ ಎನ್ನುತ್ತಾರೆ ಇದಕ್ಕೆ.

ಕೊನೆಯ ಕೆಲಸ ಮಣ್ಣು. ಗೊಂಬೆಯ ಕಾಲಡಿಯ ಬಿಲ್ಲೆಗೆ ಅಂಟು ಸವರಿ ಮಣ್ಣು ಉದುರಿಸುತ್ತಾರೆ. ದುಡ್ಡು ಕೊಟ್ಟರೆ ಮಣ್ಣೂ ಡಬ್ಬಿಯಲ್ಲಿ ಸಿಗುತ್ತದೆ. ನನಗೆ ಅದೇಕೋ ಒಗ್ಗಲಿಲ್ಲ. ನ್ಯಾಲ್ಕಲ್ ಕಡೆಯ ಹೊಲದಿಂದ ಒಂದು ಹಿಡಿ ಕೆಮ್ಮಣ್ಣು ತಂದು, ಹಳೆ ಪಂಚೆಯಲ್ಲಿ ಸೋಸಿ, ಖಾಕಿ ತೊಟ್ಟವನೊಬ್ಬನ ಕಾಲಡಿ ಉದುರಿಸಿದೆ. ಖಾಕಿ ಎಂದರೆ ಧೂಳಿನ ಬಣ್ಣ. 1846ರ ಹೊತ್ತಿಗೆ ಪೇಶಾವರದ ಸೀಮೆಯಲ್ಲಿ ಗೈಡ್ಸ್ ಪಡೆ ಕಟ್ಟಿದವರು, ನೆಲದಲ್ಲಿ ಸೈನಿಕ ಕರಗಿಹೋಗಲಿ ಎಂದು ಆ ಬಣ್ಣದ ಬಟ್ಟೆ ತೊಡಿಸಿದರು. ನನ್ನ ಮಣ್ಣಿನ ಮೇಲೆ ಅವನು ಕರಗಲಿಲ್ಲ, ಎದ್ದು ಕಾಣುತ್ತಿದ್ದ. ಯಾವ ಊರಿನ ಧೂಳೋ, ಯಾವ ಊರಿನ ಅಂಗಿಯೋ.

ಈ ಹವ್ಯಾಸದ ಮೇಲಿನ ಹಳೆಯ ತಕರಾರು ಎಲ್ಲರಿಗೂ ಗೊತ್ತಿದ್ದದ್ದೇ: ಯುದ್ಧವನ್ನು ಆಟಿಕೆ ಮಾಡಿದರೆ ಯುದ್ಧ ಹಗುರವಾಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ದಸರಾ ಬೊಂಬೆ ಸಾಲಿನಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಬಂದೂಕು ಹಿಡಿದ ಮಣ್ಣಿನ ಸಿಪಾಯಿಗಳು ಎಷ್ಟು ಕಾಲದಿಂದ ನಿಂತಿಲ್ಲ? ಅವರನ್ನು ನೋಡಿ ಬೆಳೆದ ಮಕ್ಕಳು ಯಾರ ಮೇಲೂ ದಂಡೆತ್ತಿ ಹೋಗಲಿಲ್ಲ. ಎಚ್. ಜಿ. ವೆಲ್ಸ್ 1913ರಲ್ಲಿ ಗೊಂಬೆ ಯುದ್ಧದ ನಿಯಮಗಳನ್ನು ಬರೆದು ‘ಲಿಟಲ್ ವಾರ್ಸ್’ ಎಂದು ಹೆಸರಿಟ್ಟ. ಆ ಪುಸ್ತಕದ ವಾದ ತಕರಾರಿಗೆ ತಿರುಗುಬಾಣ: ಸಣ್ಣ ಯುದ್ಧ ಆಡಿ ನೋಡಿದವನಿಗೆ ದೊಡ್ಡ ಯುದ್ಧ ಎಂಥ ಪೆದ್ದ ಕೆಲಸ ಎಂಬುದು ತಿಳಿಯುತ್ತದೆ. ಮರುವರ್ಷವೇ ದೊಡ್ಡದು ಶುರುವಾಯಿತು, ಅದು ಬೇರೆ ಮಾತು. ಒಬ್ಬನ ಮುಖಕ್ಕೆ ಅರ್ಧ ಗಂಟೆ ಕೊಟ್ಟವನು ಅವನನ್ನು ಸಂಖ್ಯೆಯಾಗಿ ನೋಡುವುದು ಕಷ್ಟ. ದಾಳ ಕೈಕೊಟ್ಟು ಆ ಗೊಂಬೆಯನ್ನು ಮೇಜಿನಿಂದ ಎತ್ತುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ನನ್ನ ಅನುಮಾನ ಬೇರೆ ಕಡೆಯಿದೆ. ಈ ಹವ್ಯಾಸದ ಮಂದಿ ಹಗುರ ಮನಸ್ಸಿನವರಲ್ಲ, ಅತಿ ಕಟ್ಟುನಿಟ್ಟಿನವರು. ಟಿಪ್ಪುವಿನ ಕಾಲಾಳಿನ ಅಂಗಿಯ ಮೇಲಿನ ಹುಲಿಪಟ್ಟೆ ಎಷ್ಟು ದೂರಕ್ಕೊಂದು ಬರಬೇಕು, ಕಂಪನಿ ದಳದ ಕೊರಳಪಟ್ಟಿ ಹಳದಿಯೋ ಹಸಿರೋ ಎಂದು ರಾತ್ರಿಯಿಡೀ ವಾದ ಮಾಡಬಲ್ಲರು. ಆ ನಿಷ್ಠೆ ನನಗೆ ಇಷ್ಟ. ಆದರೆ ಗುಂಡಿಯ ಬಣ್ಣ ಸರಿಹೋದ ಕೂಡಲೇ ಚರಿತ್ರೆಯೇ ಸರಿಹೋಯಿತು ಎಂಬ ಸಮಾಧಾನ ಬಂದುಬಿಡುತ್ತದೆ. ಸಮವಸ್ತ್ರ ಇದ್ದವರ ಬಗ್ಗೆ ಮಾತ್ರ ಆ ಸತ್ಯ. ಇಲ್ಲದವರು ಎಲ್ಲಿದ್ದಾರೆ? ನಿಯಮದ ಪುಸ್ತಕ ತೆರೆಯಿರಿ. ಹಳ್ಳಿ ಎಂಬುದು ಅಲ್ಲಿ ನೆಲದ ಒಂದು ಬಗೆ, ಕಾಡು ಹಳ್ಳಗಳ ಜೊತೆಗೆ. ಹಳ್ಳಿಯೊಳಗೆ ನುಗ್ಗಿದ ದಳದ ವೇಗ ಅರ್ಧಕ್ಕಿಳಿಯುತ್ತದೆ, ಗೋಡೆಯ ಮರೆಗೆ ನಿಂತವನಿಗೆ ಗುಂಡು ತಗಲುವುದು ಕಷ್ಟ. ಹಳ್ಳಿಯ ಬಗ್ಗೆ ಪುಸ್ತಕಕ್ಕೆ ಗೊತ್ತಿರುವುದು ಇಷ್ಟೇ.

ಹಳ್ಳಿಯವನಾಗಿ ಇದನ್ನು ಓದಿದಾಗ ಆಗುವುದೇ ಬೇರೆ. ನಾನು ಮಣ್ಣು ತಂದ ನ್ಯಾಲ್ಕಲ್ 1956ರ ನವೆಂಬರ್ 1ರವರೆಗೆ ಬೀದರ್ ತಾಲೂಕಿನ ಒಂದು ಸರ್ಕಲ್ ಆಗಿತ್ತು. ರಾಜ್ಯಗಳನ್ನು ಮರುವಿಂಗಡಿಸಿದಾಗ ಜಹೀರಾಬಾದು, ನಾರಾಯಣಖೇಡಗಳ ಜೊತೆ ಮೆದಕ್ ಜಿಲ್ಲೆಗೆ ಸೇರಿತು. ಕನ್ನಡ ಮಾತ್ರ ಗೆರೆಯ ಆಚೆ ಉಳಿದುಕೊಂಡಿತು. ಅದಕ್ಕೂ ಎಂಟು ವರ್ಷ ಮೊದಲು ಈ ದಾರಿಯಲ್ಲೇ ಒಂದು ಸೈನ್ಯ ಹಾದುಹೋಗಿತ್ತು. 1948ರ ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರದಿಂದ ಹೊರಟ ಭಾರತದ ಪಡೆ, 16ರ ಬೆಳಗಿನ ಜಾವ ಜಹೀರಾಬಾದಿನತ್ತ ನಡೆಯಿತು. ದಾರಿಯಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ತೆಗೆಯುತ್ತ ನಿಧಾನವಾಯಿತು. ಬೀದರಿನ ರಸ್ತೆ ಹೈದರಾಬಾದಿನ ಹೆದ್ದಾರಿಗೆ ಕೂಡುವಲ್ಲಿ ಮರೆಯಿಂದ ಗುಂಡು ಹಾರಿದವು. 17ರ ಸಂಜೆಗೆ ನಿಜಾಮರ ಕಡೆಯವರು ಕಾಳಗ ನಿಲ್ಲಿಸಿದರು, ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು.

ಆಟಗಾರನ ಕಣ್ಣಿಗೆ ಇದು ಹೇಳಿ ಮಾಡಿಸಿದ ಸನ್ನಿವೇಶ. ಟ್ಯಾಂಕು, ಕೂಡುರಸ್ತೆ, ಸಿಡಿಗುಂಡು, ಹೊಂಚು. ಒಂದು ಭಾನುವಾರಕ್ಕೆ ಸರಿಯಾಗುವಷ್ಟು. ನಾನೂ ಗೊಂಬೆಗಳನ್ನು ತರಿಸಿದೆ, ಬೂದು ಅಸ್ತರು ಹೊಡೆದೆ. ಸಿಕ್ಕಿಕೊಂಡದ್ದು ಆಟ ಎಲ್ಲಿ ಮುಗಿಯಬೇಕು ಎಂಬಲ್ಲಿ. ಆಟ ಮುಗಿಯುವುದು ಶರಣಾಗತಿಗೆ. ಆದರೆ ಈ ಸೀಮೆಯ ಸಾವುಗಳು ಆ ಐದು ದಿನಗಳ ಒಳಗೆ ಕೂರುವುದಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಗೋರಟಾ ಎಂಬ ಹಳ್ಳಿಯಲ್ಲಿ ನಿಜಾಮರ ಪರದ ರಜಾಕಾರರು ಊರವರನ್ನು ಕೊಂದರು. ಆಗಿನ್ನೂ ಆಟ ಶುರುವಾಗಿರಲಿಲ್ಲ. ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಈ ದಂಡಯಾತ್ರೆಯ ಹೊತ್ತಿಗೆ ಮತ್ತು ಅದರ ಬೆನ್ನಿಗೆ, ಬಹುಪಾಲು ಮುಸಲ್ಮಾನರು, 27,000ದಿಂದ 40,000 ಮಂದಿ ಸತ್ತರೆಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ದಾಳ ಎತ್ತಿಟ್ಟು, ಗೊಂಬೆಗಳನ್ನು ಡಬ್ಬಿಗೆ ತುಂಬಿ, ಗೆದ್ದವನು ಚಹಾ ಕುಡಿಯುವ ಹೊತ್ತು ಅದು.

ಹಾಗಾದರೆ ಇನ್ನೂ ಹಿಂದಿನ ಯುದ್ಧಗಳಿಗೆ ಹೋಗೋಣವೇ? ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮುಂದೆ ನಿಂತು ನೋಡಿ. 1780ರ ಪೊಳ್ಳಿಲೂರು ಕಾಳಗ ಅಲ್ಲಿದೆ: ಸಾಲು ಸಾಲು ಪುಟ್ಟ ಸೈನಿಕರು, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕಂಪನಿಯ ಕರ್ನಲ್ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ನಮ್ಮ ನಾಡಿನ ಅತಿ ದೊಡ್ಡ ವಾರ್‌ಗೇಮ್ ಮೇಜು ಅದೇ ಇರಬೇಕು, ಗೋಡೆಗೆ ನಿಲ್ಲಿಸಿದ್ದು. ಅದರ ಗೊಂಬೆಗಳಿಗೆ ನಾನು ನಿಶ್ಚಿಂತೆಯಿಂದ ಬಣ್ಣ ಹಾಕಿದ್ದೇನೆ. ಆದರೆ ಆ ಕಾಳಗಕ್ಕೆ ಮುಂಚೆ ಹೈದರನ ಕುದುರೆ ದಂಡು ಮದರಾಸಿನ ಸುತ್ತಲ ಹಳ್ಳಿಗಳನ್ನು ಸುಟ್ಟುಕೊಂಡೇ ಬಂದಿತ್ತು. ಆ ಹಳ್ಳಿಗಳ ಹೆಸರು ನನಗೆ ಬರುವುದಿಲ್ಲ. ನನ್ನ ನಿಶ್ಚಿಂತೆಗೆ ಇರುವ ಆಧಾರ ಅಷ್ಟೇ, ಅದನ್ನು ಮುಗ್ಧತೆ ಎನ್ನಲಾರೆ.

ನಮ್ಮ ವೀರಗಲ್ಲುಗಳೂ ಯುದ್ಧವನ್ನು ಚಿಕ್ಕದು ಮಾಡಿದವೇ. ಕೆಳಗಿನ ಹಂತದಲ್ಲಿ ಕಾದಾಟ, ಮಧ್ಯದಲ್ಲಿ ಅಪ್ಸರೆಯರ ನಡುವೆ ವೀರ, ಮೇಲೆ ಲಿಂಗದ ಎದುರು ಕೈಮುಗಿದು ಕೂತವನು. ಆ ಕಲ್ಲುಕುಟಿಗನಿಗೆ ಅಂಗಿಯ ಗುಂಡಿಯ ಚಿಂತೆ ಇರಲಿಲ್ಲ. ಶಾಸನವಿದ್ದರೆ ಅದು ಹೇಳುವುದು ಬೇರೆಯದನ್ನು: ಇವನು ಯಾರ ಮಗ, ಯಾವ ಊರಿನ ತುರು ಮರಳಿಸಲು ಹೋಗಿ ಸತ್ತ, ಕಲ್ಲು ನಿಲ್ಲಿಸಿದವರು ಯಾರು. ಅಲ್ಲಿ ಊರು ಅಡ್ಡಿಯಲ್ಲ, ಕಾರಣ. ವೀರಗಲ್ಲಿಗೂ ಕುರುಡಿದೆ, ಇಲ್ಲವೆನ್ನುವುದಿಲ್ಲ. ಸತ್ತವನು ಶಸ್ತ್ರ ಹಿಡಿದಿದ್ದರೆ ಮಾತ್ರ ಕಲ್ಲು; ಬಾವಿಗೆ ಹಾರಿದವಳಿಗೆ, ಓಡುತ್ತ ಬಿದ್ದವನಿಗೆ ಯಾರು ನಿಲ್ಲಿಸಿದರು? ಆದರೂ ನಿಯಮದ ಪುಸ್ತಕ ಬರೆದವನು, ಕಲ್ಲುಕುಟಿಗ ಇಬ್ಬರಲ್ಲಿ ಒಬ್ಬರನ್ನು ನಂಬು ಎಂದರೆ ನಾನು ಕಲ್ಲುಕುಟಿಗನನ್ನು ನಂಬುತ್ತೇನೆ.

ಗಂಟು ಹೊತ್ತ ಹೆಂಗಸು, ಎತ್ತು ಹಿಡಿದ ರೈತ, ಮಗ್ಗದ ಮುದುಕ: ಈ ಸೀಮೆಯ ಉಡುಪಿನಲ್ಲಿ ಇಂಥ ಗೊಂಬೆಗಳು ನಾನು ಹುಡುಕಿದಷ್ಟರಲ್ಲಿ ಸಿಗಲಿಲ್ಲ. ಹಸಿರು ಮೇಣದಂಥ ಜೇಡಿ ಕಲಸಿ ನಾನೇ ಏಳೆಂಟು ಮಾಡಿಕೊಂಡೆ. ಹೆಂಗಸಿನ ಕಣ್ಣು ಮೂರು ಸಲ ಕೆಟ್ಟಿತು, ಬೆಚ್ಚಿದಂತೆಯೇ ಬಂತು. ನಾಲ್ಕನೆಯ ಸಲ ತಿದ್ದಲಿಲ್ಲ. ಜಹೀರಾಬಾದಿನ ಪಡೆ ಇನ್ನೂ ಬೂದು ಅಸ್ತರಿನಲ್ಲೇ ಡಬ್ಬಿಯೊಳಗಿದೆ. ಮೇಜಿನ ಮೇಲೆ ಸದ್ಯಕ್ಕೆ ಇವರು ಮಾತ್ರ ಇದ್ದಾರೆ.