ಇಂದಿನ ಧಮ್ಮ ಚಿಂತನೆ: ಎರಡೂ ಚಕ್ರ ಒಟ್ಟಿಗೆ ಏಳಲಿ



ರಿಮೋಟ್‌ನಿಂದ ಓಡಿಸುವ ರೇಸಿನ ಪುಟ್ಟ ಪ್ಯಾನ್ ಕಾರಿಗೆ ಚಪ್ಪಟೆ ಹಲಗೆಯೇ ಚಾಸಿ. ಎರಡು ಬದಿಯ ಸ್ಪ್ರಿಂಗ್‌ಗಳಲ್ಲಿ ಒಂದು ಹೆಚ್ಚು ಬಿಗಿಯಾದರೆ ಚಕ್ರಗಳ ಮೇಲಿನ ಭಾರ ಏರುಪೇರು. ವೇಗ ಕೊಟ್ಟೊಡನೆ ಕಾರು ಒಂದೇ ಕಡೆ ಎಳೆಯುತ್ತದೆ. ಸ್ಟಿಯರಿಂಗ್ ತಿರುಗಿಸಿ ಮರೆಮಾಚಿದರೆ ದೋಷ ಹೋಗದು. ಬಲ್ಲವರು ಮುಂಭಾಗದ ನಟ್ಟನಡುವೆ ಚಾಕುವಿನ ಮೊನೆಯಿಟ್ಟು ಎತ್ತಿ ನೋಡುತ್ತಾರೆ. ಎರಡೂ ಚಕ್ರ ಒಟ್ಟಿಗೆ ಏಳುವವರೆಗೆ ಸ್ಪ್ರಿಂಗಿನ ತಿರುಪು ಸರಿಪಡಿಸುತ್ತಾರೆ.

ದುಃಖಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖ ನಿಲ್ಲುತ್ತದೆ ಎಂದರು ಬುದ್ಧರು, ಹಣೆಬರಹ ಅನ್ನಲಿಲ್ಲ. ಜಾತಿಯೂ ಭಾರವನ್ನು ಒಂದೇ ಕಡೆ ಹೇರಿದ ಕಟ್ಟು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ಕೊಟ್ಟದ್ದು ಅದಕ್ಕೆ ಹೊಂದಿಕೊಳ್ಳಲೆಂದಲ್ಲ, ಸಮ ಮಾಡಲೆಂದು.

ಇಂದು ನಮ್ಮ ಮನೆಯಲ್ಲೇ ನೋಡೋಣ: ಭಾರವೆಲ್ಲ ತಾಯಿಯ, ಸೊಸೆಯ ಮೇಲೆಯೇ ಇದೆಯೇ?

ಭವತು ಸಬ್ಬ ಮಂಗಲಂ 🙏