ಯಾವ ದ್ವೀಪಕ್ಕೆ ಹೋಗೋಣ?

2024ರ ಮಾರ್ಚ್ ತಿಂಗಳು. ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಯ ಬೋರ್‌ವೆಲ್ ಬತ್ತಿ ಎರಡು ವಾರವಾಗಿತ್ತು. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಅದು ಬರುವ ಹೊತ್ತಿಗೆ ಸಂಪಿನ ಮುಚ್ಚಳ ತೆಗೆದು ಕಾಯುವ ಕೆಲಸ ನನ್ನದು. ಮೂವರಲ್ಲಿ ಹಗಲು ಹೊತ್ತು ಮನೆಯಲ್ಲಿರುವವಳು, ಅಂದರೆ ಪಿಎಚ್‌ಡಿ ಮಾಡುತ್ತಿರುವವಳು, ನಾನೊಬ್ಬಳೇ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದ ದಿನಗಳವು. ಅಂಥದ್ದೊಂದು ರಾತ್ರಿ, ಅರ್ಧ ಬಕೆಟ್ ನೀರಿನಲ್ಲಿ ಪಾತ್ರೆ ತೊಳೆದಿಟ್ಟು, ಮೂವರೂ ನೆಲದ ಮೇಲೆ ಕೂತು ಮೇ ತಿಂಗಳಲ್ಲಿ ಯಾವ ದ್ವೀಪಕ್ಕೆ ಹೋಗುವುದೆಂದು ಚರ್ಚೆ ಶುರುಮಾಡಿದೆವು. ಸುತ್ತಲೂ ನೀರೇ ಇರುವ ಜಾಗ ಬೇಕು ಎಂಬ ಆಸೆಗೆ ಆಗ ಬೇರೆ ಕಾರಣ ಬೇಕಿರಲಿಲ್ಲ.

ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳತಿ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ಮಾಡಿದಳು. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ನೇತ್ರಾಣಿ, ಸೇಂಟ್ ಮೇರೀಸ್ – ಒಂದರ ಕೆಳಗೊಂದು. ಪಕ್ಕದ ಕಾಲಂಗಳಲ್ಲಿ ಖರ್ಚು, ಎಷ್ಟು ದಿನ, ನೀರಿನ ಬಣ್ಣ, ಸ್ಕೂಬಾ ಉಂಟೇ, ಸಸ್ಯಾಹಾರ ಸಿಗುತ್ತದೆಯೇ. ಕೊನೆಯ ಕಾಲಂ: ‘ಜನ ಕಡಿಮೆಯೇ?’ ಮಾಲ್ಡೀವ್ಸ್ ಮೊದಲ ಸುತ್ತಿನಲ್ಲೇ ಹೋಯಿತು. ಆ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದಲ್ಲಿ ತೆಗೆಸಿಕೊಂಡ ಫೋಟೋಗಳ ಬಗ್ಗೆ ಅಲ್ಲಿನ ಮೂವರು ಉಪಸಚಿವರು ಹಗುರವಾಗಿ ಮಾತಾಡಿ ಅಮಾನತಾಗಿದ್ದರು. ಅವಳ ಆಫೀಸಿನಲ್ಲಿ ಟಿಕೆಟ್ ರದ್ದುಮಾಡಿದವರ ಸ್ಕ್ರೀನ್‌ಶಾಟ್‌ಗಳು ಹರಿದಾಡಿದ್ದವು. ನನ್ನ ಫೆಲೋಶಿಪ್ ಹಣದ ಗತಿ ನೋಡಿದರೆ ಮಾಲ್ಡೀವ್ಸ್ ಹೇಗೂ ಆಗದ ಮಾತು.

ಅಂಡಮಾನಿನ ಸಾಲಿಗೆ ಬಂದಾಗ ಅವಳು ‘ಬಾರಾಟಾಂಗ್ ಸುಣ್ಣದಕಲ್ಲಿನ ಗುಹೆ, ಮಸ್ಟ್’ ಎಂದು ಬರೆದು ಹಳದಿ ಬಣ್ಣ ಹಚ್ಚಿದಳು. ‘ನೀನು ಹೋಗಿದ್ದೀಯಲ್ಲ, ಹೇಗಿತ್ತೇ?’ ಎಂದಳು.

ಹೋಗಿದ್ದೆ. 2014ರ ದಸರಾ ರಜೆಯಲ್ಲಿ, ಎರಡನೇ ಪಿಯುಸಿಯಲ್ಲಿದ್ದಾಗ. ಬನಶಂಕರಿಯ ಚಿಕ್ಕಪ್ಪ ಕೇಂದ್ರ ಸರ್ಕಾರದ ನೌಕರ. ಅವರ ಎಲ್‌ಟಿಸಿ ಪ್ರವಾಸಕ್ಕೆ ಅಪ್ಪ ನನ್ನ ಟಿಕೆಟ್ ಹಣ ಸೇರಿಸಿ ಕಳಿಸಿದ್ದರು. ಪೋರ್ಟ್‌ಬ್ಲೇರಿನಿಂದ (ಈಗ ಅದು ಶ್ರೀ ವಿಜಯಪುರಂ) ನಸುಕಿನಲ್ಲೇ ಹೊರಟು ಜಿರ್ಕಾಟಾಂಗ್ ಎಂಬ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲಬೇಕು. ಅಲ್ಲಿಂದ ಮುಂದೆ ಜಾರವಾ ಜನರ ಮೀಸಲು ಕಾಡು. ನಿಗದಿತ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ವಾಹನಗಳನ್ನು ಒಟ್ಟಿಗೆ ಬಿಡುತ್ತಾರೆ. ನಿಲ್ಲಿಸಬಾರದು, ಫೋಟೋ ತೆಗೆಯಬಾರದು, ತಿನ್ನಲು ಏನೂ ಕೊಡಬಾರದು. ಈ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ತಿಂಡಿಯ ಆಸೆ ತೋರಿಸಿ ಜಾರವಾ ಹೆಂಗಸರನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೋ 2012ರ ಜನವರಿಯಲ್ಲಿ ಜಗತ್ತೆಲ್ಲ ಸುದ್ದಿಯಾಗಿತ್ತು. ಇದ್ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ವ್ಯಾನಿನೊಳಗೆ ಯಾರಿಗೂ ಗುಹೆ ಬೇಕಿರಲಿಲ್ಲ. ಹತ್ತೂ ಜನ ಕಿಟಕಿಗೆ ಮುಖ ಒತ್ತಿಕೊಂಡು ‘ಅವರಿಗಾಗಿ’ ಕಾಯುತ್ತಿದ್ದೆವು. ಬಂಡೀಪುರದ ಸಫಾರಿಯಲ್ಲಿ ಹೇಗೆ ಕೂರುತ್ತೇವೋ ಹಾಗೆ. ಯಾರೋ ಪಿಸುಗುಟ್ಟಿದರು, ಡ್ರೈವರ್ ಸ್ವಲ್ಪ ನಿಧಾನ ಮಾಡಿದ. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು, ಅವಳ ಪಕ್ಕ ಎಂಟೊಂಬತ್ತು ವರ್ಷದ ಒಬ್ಬ ಹುಡುಗ. ಹುಡುಗ ಒಂದು ಕೈ ಎತ್ತಿದ. ವ್ಯಾನು ದಾಟಿತು. ಒಳಗೆ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

ನಾನು ಕ್ಯಾಮೆರಾ ಎತ್ತಲಿಲ್ಲ, ಬಿಸ್ಕತ್ತು ಎಸೆಯಲಿಲ್ಲ. ಒಂದೂ ನಿಯಮ ಮುರಿಯಲಿಲ್ಲ. ಆದರೂ ಆ ಬೆಳಿಗ್ಗೆ ಒಂದು ತಪ್ಪು ಮಾಡಿದೆ ಎಂಬ ಭಾವ ಬಿಟ್ಟುಹೋಗಿಲ್ಲ. ಗುಹೆಯ ಬಗ್ಗೆ ಒಂದು ವಿವರವೂ ನನಗೆ ನೆನಪಿಲ್ಲ.

ಇದನ್ನೆಲ್ಲ ಅಂದು ರಾತ್ರಿ ಹೇಳಿದೆ. ಶೀಟ್ ಮಾಡುತ್ತಿದ್ದವಳು ಸುಮ್ಮನೆ ಕೇಳಿ, ‘ನೀನು ನೋಡಿದ್ದರಿಂದ ಅವರು ಏನು ಕಳಕೊಂಡ್ರು?’ ಎಂದಳು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳಿದ್ದು. ನನ್ನ ಸಂಶೋಧನೆಯ ವಿಷಯ ನೀತಿಶಾಸ್ತ್ರ. ಇಂಥ ಪ್ರಶ್ನೆಗೆ ಉತ್ತರ ಇರಬೇಕಾದವಳು. ರೋಗ ಹರಡುತ್ತದೆ, 1999ರಲ್ಲಿ ಜಾರವಾಗಳಲ್ಲಿ ದಡಾರ ಹಬ್ಬಿತ್ತು ಎಂದೆ. ಬ್ರಿಟಿಷರು 1858ರಲ್ಲಿ ಪೋರ್ಟ್‌ಬ್ಲೇರಿನಲ್ಲಿ ನೆಲೆ ಹೂಡಿದಾಗ ಸಾವಿರಾರು ಸಂಖ್ಯೆಯಲ್ಲಿದ್ದ ಗ್ರೇಟ್ ಅಂಡಮಾನಿಗಳು ಇಂದು ಕೆಲವೇ ಡಜನ್ ಉಳಿದಿದ್ದಾರೆ, ಅವರದೇ ಒಂದು ಭಾಷೆಯಾದ ಬೋವಿನ ಕೊನೆಯ ಮಾತುಗಾರ್ತಿ 2010ರ ಜನವರಿಯಲ್ಲಿ ತೀರಿಕೊಂಡರು ಎಂದೆ. ಅವಳು ತಲೆಯಾಡಿಸಿದಳು. ‘ಅದು ಸರಿ ಕಣೇ. ಆದ್ರೆ ರೋಗ ಹರಡದೇ ಇದ್ದಿದ್ರೆ? ಗಾಜಿನ ಹಿಂದೆ ಕೂತು ನೋಡಿದ್ದಷ್ಟೇ ಆಗಿದ್ರೆ?’

ಆ ರಾತ್ರಿ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊಳೆದದ್ದು ಎರಡು ದಿನದ ನಂತರ, ಜಯನಗರ ನಾಲ್ಕನೇ ಬ್ಲಾಕಿನಿಂದ ಮನೆ ಕಡೆ ನಡೆದು ಬರುವಾಗ. ನಮ್ಮ ದಕ್ಷಿಣ ಬೆಂಗಳೂರಿನ ಕ್ರಾಸ್ ರಸ್ತೆಗಳಲ್ಲಿ ನಡೆದವರಿಗೆ ಗೊತ್ತು, ಎರಡು ಮನೆಗೊಂದರಂತೆ ಬೋರ್ಡು: ‘ಗೇಟಿನ ಮುಂದೆ ವಾಹನ ನಿಲ್ಲಿಸಬಾರದು’. ಕೆಲವರು ‘ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂದೂ ಸೇರಿಸಿರುತ್ತಾರೆ. ಗೇಟಿನ ಮುಂದಿನ ರಸ್ತೆ ಆ ಮನೆಯವರದ್ದೇನಲ್ಲ. ಆದರೂ ನಾವು ಸ್ಕೂಟರ್ ಮುಂದಕ್ಕೆ ಒಯ್ಯುತ್ತೇವೆ. ಒಂದು ಮನೆಗೆ ‘ಇಲ್ಲಿ ಬೇಡ’ ಎನ್ನುವ ಬಾಯಿ ಇದೆ, ಆ ಮಾತಿಗೆ ಒಂದು ಬೆಲೆ ಇದೆ. ಆ ಹುಡುಗನಿಗೆ ಇಲ್ಲದಿದ್ದದ್ದು ಅದು. ಅವನ ಮನೆಯ ಅಂಗಳದಲ್ಲಿ ನಾವು ಸಾಲುಗಟ್ಟಿ ಹೋಗುತ್ತಿದ್ದೆವು. ಹೋಗಬಹುದೇ ಎಂದು ಕೇಳಿದ್ದು ಚೆಕ್‌ಪೋಸ್ಟಿನ ಪೊಲೀಸರನ್ನು.

ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದಕ್ಕೆ ಹತ್ತಿರದ ಒಂದು ವಾದ ಮಾಡುತ್ತಾನೆ. ಭೂಮಿ ದುಂಡಗಿದೆ, ಮನುಷ್ಯರು ಕೊನೆಯಿಲ್ಲದಂತೆ ದೂರ ದೂರ ಹೋಗಲಾರರು, ಒಬ್ಬರಿಗೊಬ್ಬರು ಎದುರಾಗಲೇಬೇಕು. ಹಾಗಾಗಿ ಪರಸ್ಥಳದವನಿಗೆ ಬಂದು ಮುಖ ತೋರಿಸುವ ಹಕ್ಕಿದೆ, ಅತಿಥಿಯಾಗಿ ಉಳಿಯುವ ಹಕ್ಕಿಲ್ಲ. ಅವನ ಪ್ರಾಣಕ್ಕೆ ಕುತ್ತು ಬಾರದಂತಿದ್ದರೆ ಅವನನ್ನು ವಾಪಸ್ ಕಳಿಸಬಹುದು. ಯುರೋಪಿನವರನ್ನು ಬಾಗಿಲಲ್ಲೇ ತಡೆದ ಚೀನಾ, ಜಪಾನ್ ಮಾಡಿದ್ದು ವಿವೇಕದ ಕೆಲಸ ಎಂದೂ ಹೇಳುತ್ತಾನೆ. (ಕೋನಿಗ್ಸ್‌ಬರ್ಗ್ ಸುತ್ತಮುತ್ತ ಬಿಟ್ಟು ಎಲ್ಲಿಗೂ ಹೋಗದವನು, ರಜೆಯ ಸಮಸ್ಯೆಯೇ ಇರಲಿಲ್ಲ.) ಈ ವಾದದಿಂದ ನಾನು ತೆಗೆದುಕೊಂಡದ್ದು ಇಷ್ಟು: ವಾಪಸ್ ಕಳಿಸಲು ಸಾಧ್ಯವಿರುವ ಕಡೆ ಮಾತ್ರ ನಾನು ಅತಿಥಿ. ಆ ಸಾಧ್ಯತೆಯೇ ಇಲ್ಲದ ಕಡೆ, ಎಷ್ಟೇ ಸಭ್ಯಳಾಗಿ ಕೈಕಟ್ಟಿ ಕೂತಿದ್ದರೂ, ನಾನು ನುಗ್ಗಿದವಳು.

ಆದರೆ ಇಲ್ಲೇ ಒಂದು ತೊಡಕಿದೆ, ಅದನ್ನು ನುಂಗಿ ಮುಂದೆ ಹೋಗಲಾರೆ. ಉತ್ತರ ಸೆಂಟಿನೆಲ್ ದ್ವೀಪದವರು ‘ಬೇಡ’ ಎಂದು ಬಾಣದಲ್ಲೇ ಹೇಳಿದ್ದಾರೆ. 2004ರ ಸುನಾಮಿಯ ನಂತರ ಸುರಕ್ಷಿತವಾಗಿದ್ದಾರೆಯೇ ನೋಡಲು ಹೋದ ಹೆಲಿಕಾಪ್ಟರಿಗೂ ಹೇಳಿದರು, 2018ರ ನವೆಂಬರಿನಲ್ಲಿ ಕದ್ದು ದಡ ಹತ್ತಿದ ಅಮೆರಿಕದ ಯುವಕನಿಗೂ. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೂ 1991ರ ಜನವರಿಯಲ್ಲಿ ಅದೇ ಜನ ನೀರಿಗಿಳಿದು ಬಂದು ಮಾನವಶಾಸ್ತ್ರಜ್ಞರ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡಿದ್ದರು. ಜಾರವಾಗಳಂತೂ ಹಗೆ ಬಿಟ್ಟು ತಾವಾಗಿಯೇ ರಸ್ತೆಗೆ ಬರತೊಡಗಿದ್ದು 1997–98ರಿಂದ. ಮುರಿದ ಕಾಲಿಗೆ ಆಸ್ಪತ್ರೆಯಲ್ಲಿ ಆರೈಕೆ ಪಡೆದು ಕಾಡಿಗೆ ಮರಳಿದ ಒಬ್ಬ ಹುಡುಗನಿಂದ ಆ ಬದಲಾವಣೆ ಶುರುವಾಯಿತೆಂದು ಹೇಳುತ್ತಾರೆ. ಅವರಲ್ಲಿ ಯಾರಿಗಾದರೂ ನಮ್ಮ ಜೊತೆ ಮಾತಾಡಬೇಕು ಅನ್ನಿಸಿದರೆ? ಅವರ ಪರವಾಗಿ ನಾವೇ ‘ಬೇಡ’ ಎಂದು ಬೋರ್ಡು ಹಾಕುವುದು ಕಾವಲೋ, ಇನ್ನೊಂದು ಬಗೆಯ ಬೇಲಿಯೋ? ನನಗೆ ತಿಳಿಯದು. ಒಂದಂತೂ ಖಚಿತ. ಅವರ ಇಷ್ಟ ಏನೆಂಬುದು ಅಸ್ಪಷ್ಟವಾಗಿರುವಾಗ ಆ ಅಸ್ಪಷ್ಟತೆಯ ಲಾಭ ಒಬ್ಬ ಪ್ರವಾಸಿಗೆ, ಅದೂ ಬೇಸಿಗೆ ರಜೆಯ ಪ್ರವಾಸಿಗೆ, ಸಲ್ಲಬಾರದು.

ಮುಂದಿನ ಭಾನುವಾರ ಶೀಟ್ ಮತ್ತೆ ತೆರೆದಾಗ ನಾನು ಒಂದು ಕಾಲಂ ಸೇರಿಸಿದೆ: ‘ಬೇಡ ಅನ್ನೋಕೆ ಅವರಿಗೆ ಆಗುತ್ತಾ?’ ಮೂರನೆಯವಳು, ಬನಶಂಕರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಮಲ್ಪೆ ಕಡೆಯವಳು, ಬಿದ್ದು ಬಿದ್ದು ನಕ್ಕಳು. ‘ಎಂತ ಮಾರಾಯ್ತಿ ನಿಂದು! ನಮ್ಮೂರಲ್ಲಿ ಬರ್ಬೇಡಿ ಅಂತ ಯಾರೂ ಹೇಳುದಿಲ್ಲ. ಬರ್ಲಿಲ್ಲಾಂದ್ರೆ ಬೋಟಿನವ್ರು ಎಂತ ಮಾಡ್ಬೇಕು?’ ಅವಳ ಮಾತು ನನ್ನ ಕಾಲಂಗಿಂತ ಗಟ್ಟಿ. ಹೋಗದೇ ಇರುವುದರಲ್ಲಿ ಒಂದು ಸುಖವಿದೆ, ಕೈ ತೊಳೆದುಕೊಂಡ ಸುಖ. ಅದರ ಖರ್ಚು ಬೀಳುವುದು ಮಳೆಗಾಲಕ್ಕೆ ಮೊದಲು ನಾಲ್ಕು ಕಾಸು ಮಾಡಿಕೊಳ್ಳಬೇಕಾದ ಇನ್ನೊಬ್ಬರ ಮೇಲೆ.

ಲಕ್ಷದ್ವೀಪದ ಮುಂದೆ ಏನು ಬರೆಯುವುದೆಂದು ತಿಳಿಯದೆ ನಾನು ಓದುತ್ತಾ ಹೋದೆ. ಎಲ್ಲ ಸೇರಿ 32 ಚದರ ಕಿಲೋಮೀಟರ್ ನೆಲ, 2011ರ ಜನಗಣತಿಯ ಪ್ರಕಾರ 64,473 ಜನ. ಕನ್ನಡದವರಾದ ನಮಗೆ ಈ ದ್ವೀಪಗಳ ಜೊತೆ ಇರುವ ನಂಟು ಗೊತ್ತೇ ಇರಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ – ಉತ್ತರದ ಈ ದ್ವೀಪಗಳ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ 1787ರಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1799ರ ನಂತರ ಅವು ಕಂಪನಿಯ ಕೈಗೆ ಬಂದವು. ಮಂಗಳೂರಿನಲ್ಲಿ ಕೂತ ಕಲೆಕ್ಟರು ಅವುಗಳನ್ನು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೂ ಆಳಿದರು. ಅಲ್ಲಿನವರು ಓಡಂ ಎಂಬ ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿ ತಂದು ಅಕ್ಕಿ ಒಯ್ಯುತ್ತಿದ್ದರು. ಹುರಿಯ ಮೇಲೆ ಸರ್ಕಾರದ ಏಕಸ್ವಾಮ್ಯ, ಬೆಲೆ ಕಟ್ಟುವವರು ದಡದವರು. ಈಗ ನಾವು ದಡದಿಂದ ಪರ್ಮಿಟ್ ಪಡೆದು ಹೋಗುತ್ತೇವೆ. ಪರ್ಮಿಟ್ ಒಂದು ಗೇಟು, ನಿಜ. ಆದರೆ ಅದನ್ನು ಕೊಡುವುದು ಆಡಳಿತ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಗಳ ವಿರುದ್ಧ ದ್ವೀಪದವರು ಮನೆಮನೆಯಲ್ಲೂ ಪ್ರತಿಭಟಿಸಿದಾಗ ಆ ಗೇಟಿನ ಕೀಲಿ ತಮ್ಮ ಕೈಯಲ್ಲಿಲ್ಲ ಎಂಬುದನ್ನೇ ಹೇಳುತ್ತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೀರು. ಹವಳದ ದ್ವೀಪಗಳಲ್ಲಿ ನದಿಯಿಲ್ಲ, ಕೆರೆಯಿಲ್ಲ. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ನೆಲದಡಿಯಲ್ಲಿ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಬಾವಿಗಳು ತಲುಪುವುದು ಆ ಪದರಕ್ಕೆ. ಅಳತೆ ಮೀರಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕವರಟ್ಟಿಯಲ್ಲಿ ಸಮುದ್ರದ ನೀರನ್ನೇ ಸಿಹಿಗೊಳಿಸುವ ಸ್ಥಾವರ 2005ರಲ್ಲಿ ಬಂದದ್ದು ಈ ಕಷ್ಟಕ್ಕೇ. ಇದನ್ನು ಓದುವಾಗ ಕೆಳಗೆ ಟ್ಯಾಂಕರಿನವನು ಹಾರ್ನ್ ಹೊಡೆಯುತ್ತಿದ್ದ. ಸಾವಿರ ಅಡಿ ಕೊರೆದು ನಮ್ಮ ಪದರ ಮುಗಿಸಿಕೊಂಡ ನಾವು, ದಿನಕ್ಕೆರಡು ಸಲ ಶವರ್ ಕೆಳಗೆ ನಿಂತು ಮರಳು ತೊಳೆದುಕೊಳ್ಳಲು ಅಲ್ಲಿಗೆ ಹೊರಟಿದ್ದೆವು. ‘ಜನ ಕಡಿಮೆಯೇ?’ ಎಂಬ ಕಾಲಂ ಆಗ ಕಣ್ಣಿಗೆ ಚುಚ್ಚಿತು. ಅಲ್ಲಿ ನಾವು ‘ಜನ’ ಎಂದು ಕರೆಯುತ್ತಿದ್ದದ್ದು ನಮ್ಮಂಥ ಇತರ ಪ್ರವಾಸಿಗರನ್ನು. ಆ ನೀರು ಕುಡಿಯುವವರು ಲೆಕ್ಕದಲ್ಲೇ ಇರಲಿಲ್ಲ.

ಕಡೆಗೆ ಆರಿಸಿದ್ದು ಸೇಂಟ್ ಮೇರೀಸ್. ತತ್ವಕ್ಕಿಂತ ಹೆಚ್ಚಾಗಿ ಗೆಳತಿಯ ಮನೆಯಲ್ಲಿ ಉಳಿದರೆ ಖರ್ಚಿಲ್ಲ ಎಂಬ ಕಾರಣಕ್ಕೆ, ಒಪ್ಪಿಕೊಳ್ಳುತ್ತೇನೆ. ನೇತ್ರಾಣಿಗೆ ಸ್ಕೂಬಾ ಹಣ ಸಾಲಲಿಲ್ಲ. ಮೇ ಮೊದಲ ವಾರ ಮಲ್ಪೆಗೆ ಹೋದ ದಿನ ಅಲೆ ಜೋರಾಗಿದೆ ಎಂದು ಬೋಟ್ ನಿಲ್ಲಿಸಿದ್ದರು. ಶೀಟ್ ಮಾಡಿದವಳು ಗೊಣಗಲೇ ಇಲ್ಲ. ‘ಸಮುದ್ರ ಅಲ್ವಾ, ಏನ್ಮಾಡಕ್ಕಾಗತ್ತೆ’ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ದಡದಲ್ಲೇ ಓಡಾಡಿದಳು. ಎರಡು ದಿನ ಕಾದು ದ್ವೀಪ ತಲುಪಿದೆವು. ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲಕ್ಕೆ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು ಬಿರಿದು ಆದ ಕಂಬಗಳು. ಯಾರೋ ಕೂತು ಕೆತ್ತಿ ಜೋಡಿಸಿಟ್ಟಂತೆ. ಅಂಚಿನ ಬಂಡೆಗಳ ಕಡೆ ಹೋದವರಿಗೆ ಕಾವಲಿನವರು ಸೀಟಿ ಊದುತ್ತಿದ್ದರು. ಇಲ್ಲಿ ಯಾರ ಮನೆಯೂ ಇಲ್ಲ. ಬೋಟಿನವರಿಗೆ ನಾವು ಬೇಕಿತ್ತು. ನಾನು ಸುಮಾರು ಎರಡು ಗಂಟೆ ಏನನ್ನೂ ಯೋಚಿಸದೆ ಕೂತಿದ್ದೆ.

ಊರಿಗೆ ಮರಳಿದ ಮೇಲೆ ಮಲ್ಪೆಯ ಒಣಮೀನಿನ ಬದಲಿಗೆ (ಅವರ ಮನೆಗೆ ಅದು ನಡೆಯದು) ಹಲಸಿನ ಹಪ್ಪಳ ತೆಗೆದುಕೊಂಡು ಚಿಕ್ಕಪ್ಪನ ಮನೆಗೆ ಹೋದೆ. ಶೋಕೇಸಿನಲ್ಲಿ ಅಂದು ಕೊಂಡ ಶಂಖ ಈಗಲೂ ಇದೆ. ಬಾರಾಟಾಂಗ್ ರಸ್ತೆಯ ಹುಡುಗ ನೆನಪಿದ್ದಾನೆಯೇ ಎಂದು ಕೇಳಿದೆ. ಚಿಕ್ಕಪ್ಪನ ಮುಖ ಅರಳಿತು. ‘ನೆನಪಿಲ್ದೇ ಏನು? ಟಾಟಾ ಮಾಡಿದ್ನಲ್ಲ ನಮಗೆ, ಹೀಗೆ’ ಎಂದು ಬಲಗೈ ಎತ್ತಿ ಬೀಸಿ ತೋರಿಸಿದರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಹೇಳಿದರು: ‘ಟಾಟಾ ಎಲ್ರೀ ಮಾಡ್ದ? ಹೋಗಿ ಹೋಗಿ ಅಂದ ಆ ಮಗು.’ ಅವರೂ ಕೈ ಎತ್ತಿ ತೋರಿಸಿದರು. ಎರಡೂ ಒಂದೇ ಥರ ಇತ್ತು.