ರೂಢಿ, ಕಾಯಿದೆ ಮತ್ತು ನೀತಿ

ಮಾನವನ ನಡೆಯನ್ನು ಮೂರು ಶಕ್ತಿಗಳು ಆಳುತ್ತವೆ. ಹಿರಿಯರಿಂದ ಬಂದ ರೂಢಿ ಒಂದು; ರಾಜ್ಯವು ವಿಧಿಸುವ ಕಾಯಿದೆ ಎರಡನೆಯದು; ಅಂತಃಕರಣದಲ್ಲಿ ನೆಲೆಸಿದ ನೀತಿ ಮೂರನೆಯದು. ರೂಢಿಯನ್ನು ಮೀರಿದವನನ್ನು ಊರು ಹಳಿಯುತ್ತದೆ. ಕಾಯಿದೆಯನ್ನು ಮೀರಿದವನನ್ನು ನ್ಯಾಯಾಲಯವು ದಂಡಿಸುತ್ತದೆ. ನೀತಿಯನ್ನು ಮೀರಿದವನಿಗೆ ತನ್ನ ಮನಸ್ಸೇ ಸಾಕ್ಷಿ, ಮನಸ್ಸೇ ದಂಡನೆ. ಈ ಮೂರೂ ಒಂದೇ ದಾರಿಯಲ್ಲಿ ಸಾಗಿದಾಗ ತೊಡಕಿಲ್ಲ. ಬೇರೆ ಬೇರೆ ದಿಕ್ಕಿಗೆ ಕರೆದಾಗ ಯಾವುದರ ಮಾತನ್ನು ನಡೆಸಬೇಕು?

ರೂಢಿಯೆಲ್ಲವೂ ತ್ಯಾಜ್ಯವಲ್ಲ. ಉಮರಗಾ, ನಿಲಂಗಾ, ಉದಗೀರ ಸೀಮೆಯ ಎಷ್ಟೋ ಮನೆತನಗಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ ಬಂದುದು ಯಾವ ಸರಕಾರದ ಅಪ್ಪಣೆಯಿಂದಲೂ ಅಲ್ಲ. ನಿಲಂಗಾ ಮತ್ತು ಉದಗೀರ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ 1ರಂದು ಅವು ಮುಂಬಯಿ ರಾಜ್ಯಕ್ಕೆ ಸೇರಿದವು, ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ಉದಯಿಸಿತು. ಕಾಯಿದೆ ಎಳೆದ ಗೆರೆಯು ಕಚೇರಿಗಳನ್ನು ಬೇರ್ಪಡಿಸಿತೇ ಹೊರತು ಬೀಗತನಗಳನ್ನು ಕಡಿಯಲಿಲ್ಲ. ನೆರೆಯವನ ನುಡಿಯನ್ನು ಕಲಿತು ಅವನೊಡನೆ ಬಾಳುವ ಇಂಥ ರೂಢಿಯು ನೀತಿಗೆ ಒಡಹುಟ್ಟು.

ಆದರೆ ಮನುಷ್ಯನನ್ನು ಮನುಷ್ಯನಿಂದ ದೂರ ನಿಲ್ಲಿಸುವುದೂ ರೂಢಿಯೇ. ಈ ಸೀಮೆಗೆ ಸಮೀಪದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ನಡೆದುದನ್ನು ಯಾರು ಅರಿಯರು? ಪರಂಪರೆಯು ಹೇಳುವಂತೆ, ಸಮಗಾರ ಕುಲದಿಂದ ಬಂದ ಶರಣ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸನ ಮಗಳಿಗೂ ಮದುವೆಯಾಯಿತು. ಶರಣರಾದ ಮೇಲೆ ಹಿಂದಿನ ಕುಲ ಉಳಿಯದೆಂಬುದು ಅವರ ನಿಲುವು. ರೂಢಿಯು ಇದನ್ನು ವರ್ಣಸಂಕರವೆಂದು ದೂರಿತು; ಬಿಜ್ಜಳನ ಅರಸೊತ್ತಿಗೆ ಆ ದೂರನ್ನು ಎತ್ತಿಹಿಡಿಯಿತು; ಹರಳಯ್ಯ ಮಧುವರಸರಿಗೆ ಘೋರವಾದ ಮರಣದಂಡನೆಯಾಯಿತು. ಅಂದು ರೂಢಿಯೂ ರಾಜದಂಡವೂ ಒಂದು ಕಡೆ ನಿಂತವು. ನೀತಿಯು ನಿರಾಯುಧವಾಗಿ ಇನ್ನೊಂದು ಕಡೆ ನಿಂತಿತು.

1949ರಲ್ಲಿ ಭಾರತದ ಶಾಸನಸಭೆಯು ಹಿಂದೂ ವಿವಾಹಗಳ ಸಿಂಧುತ್ವ ಕಾಯಿದೆಯನ್ನು ಅಂಗೀಕರಿಸಿತು. ವಧೂವರರು ಬೇರೆ ಬೇರೆ ಜಾತಿಯವರೆಂಬ ಮಾತ್ರಕ್ಕೆ ಹಿಂದೂಗಳ ಮದುವೆ ಅಸಿಂಧುವಾಗಲಾರದೆಂದು ಅದು ಸಾರಿತು. ಅಂದು ಪ್ರಾಣವನ್ನು ಕಳೆದ ಕಾರ್ಯವೇ ಇಂದು ಕಾಯಿದೆಯ ರಕ್ಷಣೆ ಪಡೆದಿದೆ. ಕಾರ್ಯವು ಬದಲಾಗಲಿಲ್ಲ, ಕಾಯಿದೆ ಬದಲಾಯಿತು. ಆದುದರಿಂದ ಒಂದು ಕಾರ್ಯವು ಸರಿಯೋ ತಪ್ಪೋ ಎಂಬುದನ್ನು ಕಾಯಿದೆಯೊಂದೇ ನಿರ್ಣಯಿಸಲಾರದು.

ಹಾಗಾದರೆ ಪ್ರತಿಯೊಬ್ಬನೂ ತನ್ನ ಮನಸ್ಸೇ ಪ್ರಮಾಣವೆಂದು ಹೊರಟರೆ ಅರಾಜಕತೆ ಬಾರದೆ? ಈ ಆಕ್ಷೇಪ ಹುರುಳಿಲ್ಲದ್ದಲ್ಲ. ಇದಕ್ಕೆ ಒರೆಗಲ್ಲು ಒಂದುಂಟು: ರೂಢಿಯನ್ನು ಮೀರುವವನು ಅದರ ಕಷ್ಟವನ್ನು ತಾನು ಹೊರುತ್ತಾನೋ, ಇತರರ ಮೇಲೆ ಹೊರಿಸುತ್ತಾನೋ? ಹರಳಯ್ಯ ಮಧುವರಸರು ತಾವೇ ಹೊತ್ತರು. ಬಳಿಕ ಶರಣರಲ್ಲಿ ಕೆಲವರು ಬಿಜ್ಜಳನನ್ನು ಕೊಂದರೆಂದು ಪುರಾಣಗಳು ಹೇಳುತ್ತವೆ. ಆ ಸೇಡು ಈ ಒರೆಗಲ್ಲಿನಲ್ಲಿ ನಿಲ್ಲದು. ಬಸವಣ್ಣನವರಾದರೋ ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ನಡೆದರು. 1947ರ ಮೇ ತಿಂಗಳಲ್ಲಿ ಪಂಢರಪುರದ ವಿಠ್ಠಲಮಂದಿರವು ಅಸ್ಪೃಶ್ಯರೆನಿಸಿದವರಿಗೂ ತೆರೆಯಲೆಂದು ಸಾನೆ ಗುರೂಜಿಯವರು ಉಪವಾಸ ಕೈಗೊಂಡಾಗಲೂ ಹಸಿವನ್ನು ತಾಳಿದವರು ಅವರೇ. ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ಮಂದಿರಪ್ರವೇಶದ ಕಾಯಿದೆ ಬಂದಿತು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. 1955ರ ಕಾಯಿದೆಯು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು.

ಇಷ್ಟರಿಂದ ಕಾರ್ಯ ಮುಗಿಯಿತೆ? ಮುಗಿದಿದ್ದರೆ, ಮರಾಠಿಯಲ್ಲಿ 'ವಾಳೀತ' ಎಂದು ಕರೆಯುವ ಬಹಿಷ್ಕಾರವನ್ನು ತಡೆಯಲು ಮಹಾರಾಷ್ಟ್ರವು 2016ರಲ್ಲಿ ಪ್ರತ್ಯೇಕ ಕಾಯಿದೆಯನ್ನು ರಚಿಸಬೇಕಾಗಿರಲಿಲ್ಲ. ಬಹಿಷ್ಕಾರ ಹಾಕಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಎಂದು ಅದರಲ್ಲಿ ವಿಧಿಸಲಾಗಿದೆ. ದಂಡದ ಭಯವು ಬಾಗಿಲನ್ನು ತೆರೆಸೀತು. ಬಂದವನನ್ನು ಒಳಗೆ ಕರೆದು, ಮಣೆ ಹಾಕಿ, ನೀರು ಕೊಡುವ ಮನಸ್ಸನ್ನು ಅದು ಹುಟ್ಟಿಸಲಾರದು. ಕಾಯಿದೆ ಬೇಕು, ಏಕೆಂದರೆ ದುರ್ಬಲನು ಊರಿನ ಮನಸ್ಸು ಕರಗುವ ತನಕ ಕಾಯಲಾರ. ಅದರ ಕೊರತೆಯನ್ನು ತುಂಬುವ ಕೆಲಸ ಮಾತ್ರ ನೀತಿಯದು.

ಜೀರ್ಣೋದ್ಧಾರದಲ್ಲಿ ತೊಡಗಿದ ಶಿಲ್ಪಿಯು ಹಳೆಯ ಕಲ್ಲುಗಳನ್ನೆಲ್ಲ ಬಿಸುಡುವುದಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಉಳಿಸುವುದೂ ಇಲ್ಲ. ಒಂದೊಂದನ್ನೂ ತಟ್ಟಿ ನೋಡಿ, ಭಾರ ಹೊರಬಲ್ಲುದನ್ನು ಇರಿಸಿ, ಸೀಳಿದುದನ್ನು ತೆಗೆಯುತ್ತಾನೆ. ರೂಢಿಗಳ ವಿಷಯದಲ್ಲಿಯೂ ಸದ್ಭಕ್ತರ ಕರ್ತವ್ಯ ಇದೇ. ಗುಡಿಯ ದಾಸೋಹದ ಪಂಕ್ತಿಯಲ್ಲಿ ಯಾರು ಯಾರ ಮಗ್ಗುಲಲ್ಲಿ ಕುಳಿತರು, ಯಾರು ತಾವಾಗಿಯೇ ದೂರ ಸರಿದು ಕುಳಿತರು ಎಂಬುದನ್ನು ನೋಡಲು ಪೋಲೀಸರು ಬರುವುದಿಲ್ಲ. ಹಾಗೆ ದೂರ ಕುಳಿತವನನ್ನು ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುವ ಭಾರ ಮೊದಲು ಪಂಕ್ತಿಯಲ್ಲಿ ಕುಳಿತಿರುವವರದು. ಅಂಥ ಮನಸ್ಸನ್ನು ಭಗವಂತನು ಎಲ್ಲರಿಗೂ ದಯಪಾಲಿಸಲಿ.